ಮರಿಗೆ ಕಾವಲು ನಿಂತ ದೋಣಿ

ಬಂದರಿನ ಮನೆ,
ಶನಿವಾರ, ಮಾರ್ಚ್ ೮

ಮುದ್ದು ಮಗನೇ,

ಹೇಗಿದ್ದೀಯ? ಹಡಗಿನ ಅಡುಗೆಮನೆಯಲ್ಲಿ ಸುಟ್ಟುಕೊಂಡ ಕೈ ವಾಸಿಯಾಯಿತೇ? ಎಲ್ಲರಿಗೂ ಬಡಿಸಿ ನೀನು ಖಾಲಿ ಹೊಟ್ಟೆಯಲ್ಲಿ ಮಲಗುವವನು, ಹೊತ್ತು ಹೊತ್ತಿಗೆ ತಿನ್ನು. ನಿನ್ನ ಹೆಂಡತಿ ಚೆನ್ನಾಗಿದ್ದಾಳೆ, ಬಿಸಿಲಿಗೆ ಸ್ವಲ್ಪ ಕಪ್ಪಾಗಿದ್ದಾಳೆ ಅಷ್ಟೇ. ನಾನೂ ಗಟ್ಟಿಮುಟ್ಟಾಗಿದ್ದೇನೆ, ಬಲಗಣ್ಣು ಮಾತ್ರ ಇನ್ನಷ್ಟು ಮಂಜಾಗಿದೆ.

ನಿನ್ನ ಕಾಗದ ಬಂತು. "ಕಣ್ಣು ಕಾಣದವಳು ಜನರಿಗೆ ತಿಮಿಂಗಿಲ ಏನು ತೋರಿಸ್ತೀಯ, ದೋಣಿ ಮಾರಿ ಮನೇಲಿ ಕೂತ್ಕೋ ಅಮ್ಮ" ಅಂತ ಬರೆದಿದ್ದೀಯ. ಓದಿ ಮೈಯೆಲ್ಲ ಉರಿಯಿತು. ನಿನ್ನ ಅಪ್ಪ ಹೋದ ಮೇಲೆ ನಮ್ಮಿಬ್ಬರನ್ನೂ ಸಾಕಿದ ದೋಣಿ ಅದು. ಮಾರುವುದಿಲ್ಲ. ಕೊಳ್ಳುವವನನ್ನು ಕಳಿಸಿದರೆ ಚಹಾ ಕುಡಿಸಿ ಬಂದ ದಾರಿಯಲ್ಲೇ ಕಳಿಸುತ್ತೇನೆ.

ಇವತ್ತು ಬೆಳಿಗ್ಗೆ ದೋಣಿ ತುಂಬ ಜನ. ಡಾಲ್ಫಿನ್‌ಗಳು ಜೊತೆಗೇ ಬಂದವು, ಒಂದು ಆಮೆ ತಲೆಯೆತ್ತಿ ನಮ್ಮನ್ನೆಲ್ಲ ನೋಡಿ ಬೇಡವೆನಿಸಿ ಮುಳುಗಿತು. ನಾನು ದೋಣಿಯ ಮೂತಿಯ ಹತ್ತಿರ ನಿಂತು "ಅಗೋ ತಿಮಿಂಗಿಲ" ಅಂತ ಕೂಗಿದೆ. ನೋಡಿದರೆ ತೇಲುತ್ತಿದ್ದ ಎಣ್ಣೆ ಡ್ರಮ್ಮು. ಜನ ಬಿದ್ದು ಬಿದ್ದು ನಕ್ಕರು, ನಾನೂ ನಕ್ಕೆ. ಅಷ್ಟರಲ್ಲಿ ಬೆನ್ನ ಹಿಂದೆ ಬುಸ್ಸೆಂದಿತು. ತಾಯಿ ತಿಮಿಂಗಿಲ, ಪಕ್ಕದಲ್ಲಿ ಮರಿ. ನಮ್ಮ ದೋಣಿಯ ಪದ್ಧತಿ ನಿನಗೆ ಗೊತ್ತಲ್ಲ, ಇಂಜಿನ್ ನಿಂತಿತು, ಮಾತೂ ನಿಂತಿತು. ನಾವು ಬೆನ್ನಟ್ಟುವುದಿಲ್ಲ, ಬೇಕಿದ್ದರೆ ಅದೇ ಬರಲಿ. ಬಂತು ಕಣೋ. ಕೊಳೆತ ಮೀನಿನ ವಾಸನೆಯ ಅದರ ಉಸಿರು ನನ್ನ ಕನ್ನಡಕದ ಮೇಲೆಲ್ಲ ಸಿಡಿಯಿತು. ಸಂತೋಷಕ್ಕೆ ನನಗೆ ಅಳು ಬಂತು.

ಆಗ ಕೆಂಪು ದೋಣಿಯವನು, ನಿನ್ನ ಗೆಳೆಯನೇ, ತನ್ನ ಜನರಿಗೆ ಹತ್ತಿರದಿಂದ ತೋರಿಸುವ ಆಸೆಗೆ ಮರಿಯ ಮೇಲೇ ನುಗ್ಗಿ ಬಂದ. ನಮ್ಮ ದೋಣಿ ಮೆಲ್ಲಗೆ ಹೊರಳಿ ಅವನ ದಾರಿಗೆ ಅಡ್ಡ ನಿಂತಿತು. ಅವನು ಹಾರ್ನ್ ಒತ್ತಿದ, ಬಾಯಿಗೆ ಬಂದಂತೆ ಬೈದ. ನಾವು ಕದಲಲಿಲ್ಲ. ಕೊನೆಗೆ ಅವನೇ ತಿರುಗಿಸಿಕೊಂಡು ಹೋದ. ನಿನಗೆ ದೂರು ಹೇಳುತ್ತಾನೆ, ಹೇಳಲಿ. ಇನ್ನೊಮ್ಮೆ ಬಂದರೆ ಇನ್ನೊಮ್ಮೆ ನಿಲ್ಲುತ್ತೇವೆ.

ನೀನಿರುವ ಕಡೆ ಕಡಲು ತಣ್ಣಗಿರಲಿ, ನೂರು ಕಾಲ ಬಾಳು.

ನಿನ್ನ ಹಟಮಾರಿ
ಅಮ್ಮ

ತಾ.ಕ.: ಅಂಚೆ ಡಬ್ಬಿ ತೆಗೆಯುವ ಹೊತ್ತಾಯಿತು, ಬೇಗ ಬರೆಯುತ್ತೇನೆ. ಕಣ್ಣಿನ ವಿಷಯ ನೀನು ಹೇಳಿದ್ದು ಸರಿ, ಮಳೆಗಾಲ ಮುಗಿದಾಗಿನಿಂದ ನಾನು ಚುಕ್ಕಾಣಿ ಮುಟ್ಟಿಲ್ಲ. ಇವತ್ತು ದೋಣಿ ಅಡ್ಡ ನಿಲ್ಲಿಸಿದವಳು ನಿನ್ನ ಹೆಂಡತಿ. ಪರೀಕ್ಷೆ ಪಾಸಾಗಿ ಲೈಸೆನ್ಸ್ ತಂದಿದ್ದಾಳೆ. ನೀನು ಬೇಡ ಅನ್ನುತ್ತೀಯ ಅಂತ ಹೆದರಿ, ನಿನಗೆ ಬರೆಯಬೇಡಿ ಅಂತ ನನಗೂ ಹೇಳಿದ್ದಳು, ಇವತ್ತು ತಾನೇ "ಬರೀರಿ ಅತ್ತೆ" ಅಂದಳು. ದೋಣಿಯನ್ನು ಅವಳ ಹೆಸರಿಗೆ ಮಾಡಿಸಿದ್ದೇನೆ. ಮಾರುವ ಮಾತಿದ್ದರೆ ಇನ್ನು ಅವಳನ್ನೇ ಕೇಳು.