ಬಲ್ಮಠದ ಅನುಮತಿಯೂ ಬಾಳೆದಿಂಡಿನ ಮುಚ್ಚಳವೂ

ನಮ್ಮ ಕಂಪೆನಿಯ ತಂತ್ರಾಂಶ ವಿಭಾಗದ ಮುಖ್ಯಸ್ಥರಾದ ಮಾನ್ಯರೇ,

ತಾವು ಅಳಿಸಿಹಾಕಿಸಿದ ನನ್ನ ಕಮಾಂಡನ್ನು ನಾಳೆ ಬೆಳಿಗ್ಗೆ ಮೆಷಿನ್ ಶುರುವಾಗುವ ಮೊದಲು ವಾಪಸ್ ಹಾಕಿಸಬೇಕು. ಇದನ್ನು ಒಮ್ಮೆ ಖಾಸಗಿಯಾಗಿ, ವಿನಯದಿಂದ ಕೇಳಿದ್ದೆ. ಉತ್ತರ ಬರಲಿಲ್ಲವಾದ್ದರಿಂದ ಈಗ ನೋಟಿಸ್ ಬೋರ್ಡಿನಲ್ಲಿ, ಎಲ್ಲರೆದುರು, ಇನ್ನೂ ಹೆಚ್ಚಿನ ವಿನಯದಿಂದ ಕೇಳುತ್ತಿದ್ದೇನೆ.

ಬಲ್ಮಠದ ಕಚೇರಿಯಿಂದ ಬಜಪೆಯ ವರ್ಕ್‌ಶಾಪಿಗೆ ತಾವು ದಯಮಾಡಿಸಿದ್ದು ಇಲ್ಲವಾದ್ದರಿಂದ ಸ್ವಲ್ಪ ವಿವರಣೆ. ಇಲ್ಲಿ ಯಂತ್ರದ ಬಿಡಿಭಾಗಗಳನ್ನು ನಾವು ಶೆಲ್‌ನಲ್ಲಿ, ಅಂದರೆ ಬರೀ ಅಕ್ಷರಗಳಿರುವ ಆ ಕಪ್ಪು ಕಿಟಕಿಯಲ್ಲಿ, ಕಮಾಂಡ್ ಬರೆದು ರೂಪಿಸುತ್ತೇವೆ. ಬಿಲ್ಲೆ ಮಾಡು ಎಂದರೆ ಮಾಡುತ್ತದೆ, ತೂತು ಕೊರೆ ಎಂದರೆ ಕೊರೆಯುತ್ತದೆ. ಇದೆಲ್ಲ ಕಂಪ್ಯೂಟರಿನೊಳಗೇ; ಆ ಫೈಲಿನಂತೆ ಮೆಷಿನ್ ನಿಜವಾದ ಲೋಹ ಕೊರೆಯುವುದು ಆಮೇಲೆ. ಮಾಡಿದ್ದನ್ನು ನೋಡಬೇಕೆಂದರೆ ಮಾತ್ರ ಫೈಲನ್ನು ನಿಮಗೆ ಕಳಿಸಿ, ನಿಮ್ಮವರು ಚಿತ್ರ ತೆಗೆದು ಕಳಿಸುವವರೆಗೆ ಕಾಯಬೇಕು. ಮಗು ಹುಟ್ಟಿದೆ, ಮುಖ ನೋಡಲು ಅರ್ಜಿ ಹಾಕಿ! 'ತೋರಿಸು' ಎಂದು ಬರೆದರೆ ವಸ್ತು ಅಲ್ಲೇ ಪರದೆಯ ಮೇಲೆ ಮೂಡುವಂತೆ ಪುಟ್ಟ ಸ್ಕ್ರಿಪ್ಟೊಂದನ್ನು ಸೇರಿಸಿದ್ದು ನನ್ನ ಮಹಾಪರಾಧ. 'ಅನಧಿಕೃತ ಸೇರ್ಪಡೆ' ಎಂದು ಕಿತ್ತುಹಾಕಿಸಿದಿರಿ. ಸಂಸ್ಥೆಯ ಭದ್ರತೆ ಉಳಿಯಿತು. ಮುಚ್ಚಳ ಹೋಯಿತು.

ಯಾವ ಮುಚ್ಚಳ? ಉಳ್ಳಾಲದ ಹವ್ವಮ್ಮನವರ ಮೀನುಗಾರಿಕೆ ಬೋಟಿನದು. ಇಂಜಿನ್ ಬಿಸಿಯೇರದಂತೆ ಅದಕ್ಕೆ ನೀರು ಹಾಯಿಸುವ ಪಂಪಿನದು. ಬರೆಯುವಾಗ ನಾನೊಂದು ಮೈನಸ್ ಚಿಹ್ನೆ ಬಿಟ್ಟೆ. ಬಲಕ್ಕಿರಬೇಕಾದ ನೀರಿನ ಬಾಯಿ ಎಡಕ್ಕೆ ಹೋಯಿತು. ಕಂಡಿದ್ದರೆ ಆಗಲೇ ತಿದ್ದುತ್ತಿದ್ದೆ. ನಿಮ್ಮವರ ಚಿತ್ರ ಬರಲೇ ಇಲ್ಲ. ಕಡೆಗೆ ಮೆಷಿನ್ ನಡೆಸುವ ಜಿತೇಶ್, "ಅವರನ್ನು ಕಾದು ಮುಗೀಲಿಕ್ಕಿಲ್ಲ ಮಾರಾಯ್ತಿ. ನಮ್ಮಲ್ಲಿ ಬಾಳೆ ಉಂಟಲ್ಲ, ಮೊದ್ಲು ಅದ್ರಲ್ಲೇ ಕೊರೆದು ನೋಡುವ" ಎಂದು ಮನೆಯಿಂದ ದಪ್ಪನೆಯ ಬಾಳೆದಿಂಡು ತಂದ. ಕೊರೆದೆವು. ಬೋಟಿಗೆ ಒಯ್ದು ಕೂರಿಸುವಾಗ ಅವನು ಗೊತ್ತಿಲ್ಲದೆ ಅದನ್ನು ಮಗುಚಿ ಇಟ್ಟ; ಎಡಕ್ಕಿದ್ದ ಬಾಯಿ ಬಲಕ್ಕೆ ಬಂತು. ಎಷ್ಟು ಚಂದ ಕೂತಿತು! ಬಾಳೆದಿಂಡು ಬಹಳ ಸಭ್ಯ ವಸ್ತು. ಬೋಲ್ಟು ಎಲ್ಲಿ ಚುಚ್ಚಿದರೂ ಜಾಗ ಬಿಡುತ್ತದೆ, ಯಾವ ಬದಿ ಮೇಲೆ ಎಂದು ಜಗಳಕ್ಕೆ ನಿಲ್ಲುವುದಿಲ್ಲ. ಆ ಧೈರ್ಯದಲ್ಲಿ ಅದೇ ಫೈಲಿನಿಂದ ಕಂಚಿನದನ್ನೂ ಕೊರೆದೆವು. ಕಂಚಿಗೆ ಆ ಸಂಸ್ಕಾರವಿಲ್ಲ.

ಕಂಚಿನ ಮುಚ್ಚಳವನ್ನು ತಿರುಗಿಸಿ ಮುರುಗಿಸಿ ನೋಡಿದ ಹವ್ವಮ್ಮ, "ಎಂತ ಇದು? ನಾನು ಬೋಟಿಗೆ ಹೇಳಿದ್ದಾ, ಬಿರಿಯಾನಿ ಪಾತ್ರೆಗಾ?" ಎಂದರು.

"ಬದಿ ತಪ್ಪಿದ್ದು" ಎಂದು ಜಿತೇಶ್ ತಲೆ ಕೆರೆದ.

"ಮಾಡುವ ಮೊದ್ಲು ನೋಡ್ಲಿಕ್ಕೆ ಆಗುದಿಲ್ವಾ?"

"ನೋಡ್ಲಿಕ್ಕೆ ಪರ್ಮಿಶನ್ ಇಲ್ಲ" ಎಂದೆ.

ಅವರು ನನ್ನನ್ನು ಅಯ್ಯೋ ಪಾಪ ಎನ್ನುವಂತೆ ನೋಡಿದರು. "ಅದನ್ನು ಕೊಡುವ ಜನ ಯಾರು?"

ಮಾನ್ಯರೇ, ಮಳೆಗಾಲದ ಮೀನುಗಾರಿಕೆ ನಿಷೇಧ ಮುಗಿದು ಉಳಿದ ಬೋಟುಗಳೆಲ್ಲ ಕಡಲಿಗಿಳಿದಿವೆ. ಹವ್ವಮ್ಮನವರದೊಂದು ಮಾತ್ರ ದಕ್ಕೆಯಲ್ಲಿ, ಬಂದರಿನ ಕಟ್ಟೆಗೆ, ಕಟ್ಟಿಕೊಂಡು ನಿಂತಿದೆ. ಅದರ ಕೆಲಸಗಾರರು ಬೇರೆ ಬೋಟು ನೋಡತೊಡಗಿದ್ದಾರೆ. ಅವರು ಹೋದರೆ ಮುಚ್ಚಳ ಸರಿಯಾಗಿಯೂ ಪ್ರಯೋಜನವಿಲ್ಲ. ನಮ್ಮಲ್ಲಿ ಉಳಿದಿರುವುದು ಒಂದೇ ಕಂಚಿನ ತುಂಡು. ನಾಳೆ ಅದನ್ನು ಕೊರೆಯುತ್ತೇವೆ. ಕಣ್ಣು ಬಿಟ್ಟೋ ಮುಚ್ಚಿಯೋ ಎಂಬುದು ತಮ್ಮ ಚಿತ್ತ.

ಕಮಾಂಡ್ ಬಾರದಿದ್ದರೂ ನನ್ನದೇನೂ ತಕರಾರಿಲ್ಲ. ಹವ್ವಮ್ಮ ನಿಮ್ಮ ಕಚೇರಿಯ ವಿಳಾಸ ಕೇಳಿದರು, ಕೊಟ್ಟಿದ್ದೇನೆ. ಎಷ್ಟನೇ ಮಹಡಿ, ಯಾವ ಮೂಲೆಯ ಕೋಣೆ, ತಾವು ಊಟಕ್ಕೇಳುವ ಹೊತ್ತು, ಎಲ್ಲ. ಅವರು ಅಪಾಯಿಂಟ್‌ಮೆಂಟ್ ತೆಗೆದುಕೊಂಡು ಬರುವವರಲ್ಲ.

ಇಂತಿ,
ಪರದೆಯ ಮುಂದೆಯೇ ಕುಳಿತು ಏನನ್ನೂ ಕಾಣದ,
ನಿರೀಕ್ಷಾ
ಬಜಪೆ ವರ್ಕ್‌ಶಾಪ್ (ಇದನ್ನು ಅಂಟಿಸುವ ಹೊತ್ತಿಗೆ ಇನ್ನೂ ಕೆಲಸದಲ್ಲಿದ್ದೇನೆ)