ನೆಲಮಾಳಿಗೆಗೆ ನಾನೇ ಹಾಸಿದ ನೆಲ

ಮಾರ್ಚ್ ೯, ಭಾನುವಾರ.

ಸೊಂಟ ನನ್ನ ಮಾತು ಕೇಳುತ್ತಿಲ್ಲ. ಆದರೂ ಬರೆದಿಡುತ್ತೇನೆ: ನೆಲಮಾಳಿಗೆಗೆ ಮರದ ನೆಲವನ್ನು ನಾನೇ ಹಾಸಿದೆ. "ಭಾವ, ಪೆನ್ನು ಹಿಡಿಯೋ ಕೈಗೆ ಸುತ್ತಿಗೆ ಯಾಕೆ? ಮೇಸ್ತ್ರಿನ ಕರೀರಿ" ಎಂದು ಭಾಮೈದ ಕಳೆದ ವಾರ ನಕ್ಕಿದ್ದ. ಆ ನಗುವಿಗೆ ಇದು ಉತ್ತರ.

ಬಾಗಿಲ ಹಿಂದಿನ ಮೂಲೆ ಕೈಗೆ ಸಿಗಲೆಂದು ಬಾಗಿಲು ಮುಚ್ಚಿಕೊಂಡೇ ಕೊನೆಯ ಸಾಲಿನ ಹಲಗೆಗಳನ್ನು ಕೂಡಿಸಿದೆ. ಎದ್ದು ಬಾಗಿಲು ಎಳೆದರೆ ಬರಲೊಲ್ಲದು. ಅದು ಒಳಕ್ಕೆ ತೆರೆಯುವ ಬಾಗಿಲು. ನನ್ನ ಹೊಸ ನೆಲ ಅದರ ಕೆಳಗಿನ ಅಂಚಿಗಿಂತ ಅರ್ಧ ಬೆರಳು ಎತ್ತರ. ನಾನು ಒಳಗೆ, ಊಟ ಹೊರಗೆ.

"ರೀ, ಮೇಸ್ತ್ರಿಗೆ ಫೋನ್ ಮಾಡ್ಲಾ?" ಹೊರಗಿನಿಂದ ಹೆಂಡತಿ.

"ಖಂಡಿತ ಬೇಡ!"

"ಹಾಗಾದ್ರೆ ಆ ಕೊನೇ ಹಲಗೆ ಕಿತ್ತು ಬನ್ನಿ."

"ಒಂದು ಹಲಗೇನೂ ಕೀಳಲ್ಲ ಕಣೇ. ತಪ್ಪು ಬಾಗಿಲಿಂದು!"

"ಹೌದೌದು. ಈ ಮನೇಲಿ ನಿಮ್ಮೊಬ್ಬರನ್ನು ಬಿಟ್ಟು ಎಲ್ಲಾರೂ ತಪ್ಪು ಮಾಡ್ತಾರೆ, ಬಾಗಿಲೂ ಸೇರಿ."

ಪುಣ್ಯಕ್ಕೆ ಬಾಗಿಲ ಕೀಲುಗಳು ನನ್ನ ಕಡೆಗಿದ್ದವು. ಅವುಗಳ ಕಡ್ಡಿಗಳನ್ನು ಸುತ್ತಿಗೆಯಿಂದ ಹೊಡೆದು ತೆಗೆದೆ. ಬಾಗಿಲನ್ನೇ ಎತ್ತಿ ಗೋಡೆಗೆ ಒರಗಿಸಿ, ಕೋಟೆ ಗೆದ್ದವನಂತೆ ಹೊರಬಂದು ಎರಡು ಸಲ ಬಡಿಸಿಕೊಂಡು ಉಂಡೆ.

ಬಾಗಿಲಿಲ್ಲದ ಕೋಣೆ ನೋಡಲು ನಾಳೆ ಭಾಮೈದ ಬರುತ್ತಾನಂತೆ. ಬರಲಿ, ಹೊಟ್ಟೆ ಹಿಡಿದುಕೊಂಡು ನಗಲಿ. ಚಪ್ಪಲಿಯನ್ನು ಮಾತ್ರ ಹೊರಗೇ ಬಿಟ್ಟು ಬರಬೇಕು.