ಅತ್ತೆಯ ಕೈಯಲ್ಲಿ ಕೊಡ

ತೆಲಸಂಗ,
ತಾ. 14-12-1987

ಪ್ರೀತಿಯ ಯಜಮಾನರಿಗೆ,

ತಾರವ್ವನ ನಮಸ್ಕಾರ. ಆರಾಮ ಇದ್ದೀರಾ? ಪಠಾಣಕೋಟದಲ್ಲಿ ಚಳಿ ಬಿದ್ದಿರಬೇಕು, ಸ್ವೆಟರ್ ಹಾಕಿಕೊಳ್ಳಿರಿ. ಮಿಲಿಟರಿಯಲ್ಲಿ ಜೋಳದ ರೊಟ್ಟಿ ಸಿಗುವುದಿಲ್ಲವೆಂದು ಬರೆದಿದ್ದಿರಿ, ಓದಿ ನನಗೂ ಅವತ್ತು ಊಟ ಸೇರಲಿಲ್ಲ. ನಾಲ್ಕನೆಯ ಇಯತ್ತೆ ಕಲಿತವಳು, ತಪ್ಪಿದ್ದರೆ ನಗಬೇಡಿರಿ.

ಅತ್ತೆಯ ವಿಷಯ ಹೇಗೆ ಬರೆಯಬೇಕೋ ತಿಳಿಯುತ್ತಿಲ್ಲ. ಮದುವೆಯಾಗಿ ಬಂದ ದಿನವೇ ಅವರ ಕೈಯಿಂದ ಕೊಡ, ಕಸಬರಿಗೆ ಎಲ್ಲ ಇಸಿದುಕೊಂಡೆ. ಸೊಸೆ ಬಂದ ಮೇಲೂ ಅತ್ತೆ ಕೆಲಸ ಮಾಡಿದರೆ ಮನೆಗೆ ಕುಂದು ಎಂದು ತವರಿನಲ್ಲಿ ಹೇಳಿ ಕಳಿಸಿದ್ದರು. ಅವರನ್ನು ಕಟ್ಟೆಯ ಮೇಲೆ ಕೂಡ್ರಿಸಿ ಚಹಾ ಸಹ ಅಲ್ಲಿಗೇ ಕೊಡುತ್ತಿದ್ದೆ. ಓಣಿಯವರೆಲ್ಲ ಒಳ್ಳೆಯ ಸೊಸೆ ಅನ್ನುತ್ತಿದ್ದರು. ಈ ದೀಪಾವಳಿಗೆ ನೋಡಿದರೆ, ನಾನು ಎಬ್ಬಿಸದೆ ಅವರಿಗೆ ನೆಲದಿಂದ ಏಳಲಾಗಲಿಲ್ಲ. ಹೊಸ್ತಿಲು ದಾಟುವಾಗ ಜೋಲಿ ಹೊಡೆದರು.

ಅಥಣಿಗೆ ಕರೆದುಕೊಂಡು ಹೋದೆ. ಡಾಕ್ಟರರು ತೊಡೆ ಒತ್ತಿ ನೋಡಿ, "ರೋಗ ಏನೂ ಇಲ್ಲವ್ವಾ, ಕುಂತ ಕುಂತ ಕಾಲಾನ ಕಸುವು ಹೋಗೈತಿ" ಅಂದರು. ದಿನಾ ನಡೆದರೆ ದಮ್ಮು ಹೆಚ್ಚುತ್ತದಂತೆ, ಭಾರ ಎತ್ತಿದರೆ ಕಸುವು ಬರುತ್ತದಂತೆ, ಕಂಬ ಹಿಡಿದು ಒಂಟಿಗಾಲಲ್ಲಿ ನಿಂತರೆ ಬೀಳುವುದು ತಪ್ಪುತ್ತದಂತೆ. ಒಂದನ್ನೇ ಮಾಡಿದರೆ ಸಾಲದಂತೆ. ಮುದುಕರಿಂದ ಭಾರ ಎತ್ತಿಸುವುದೆಂದರೆ ಏನು? ನನಗೆ ಕೇಳಲು ನಾಚಿಕೆಯಾಯಿತು. ಅತ್ತೆಯೇ ಕೇಳಿದರು: "ನೀರಿನ ಕೊಡ ಹೊರಲ್ಯಾ?" "ಸಣ್ಣದು ಹೊರ್ರಿ" ಅಂದರು ಡಾಕ್ಟರರು.

ಈಗ ಅತ್ತೆ ಸಣ್ಣ ಕೊಡ ಹಿಡಿದು ಬಾವಿಗೆ ಹೋಗುತ್ತಾರೆ. ಅವರು ಬಿದ್ದರೆ ಹಿಡಿಯಲು ನಾನು ಖಾಲಿ ಕೈಯಲ್ಲಿ ಹಿಂದೆ. ನಿಮ್ಮ ಚಿಕ್ಕಮ್ಮ ದುಂಡವ್ವ ಕಾಕು ಎಲ್ಲರೆದುರು, "ನೋಡ್ರೆವ್ವಾ, ಅತ್ತಿ ಕೊಡ ಹೊತ್ತಾಳ, ಸೊಸಿ ಕೈ ಬೀಸ್ಕೋಂತ ಹೊಂಟಾಳ!" ಅಂದರು. ನೆಲ ಬಿರಿಯಬಾರದೇ ಅನ್ನಿಸಿತು. ಮರುದಿನ ಅತ್ತೆ ಕಂಬ ಹಿಡಿದು ಒಂಟಿಗಾಲಲ್ಲಿ ನಿಂತದ್ದನ್ನು ಕಾಕು ನೋಡಿ, "ಸೊಸಿ ಶಿಕ್ಷಾ ಕೊಟ್ಟಾಳೇನ?" ಅಂದರು. ಅತ್ತೆ ಕಾಲು ಇಳಿಸದೆ, "ಹೂಂ ಬೇ, ಸಾಲಿಗಿ ನನ್ನ ಹೆಸರ ಹಚ್ಚ್ಯಾಳ, ನೀನೂ ಬಾ" ಅಂದರು. ನನಗೆ ನಗಬೇಕೋ ಅಳಬೇಕೋ ಗೊತ್ತಾಗಲಿಲ್ಲ.

ಇವತ್ತು ಮುಂಜಾನೆ ಎಬ್ಬಿಸಲು ಕೈ ಚಾಚಿದರೆ, "ಸರಿ ಅತ್ತಾಗ" ಎಂದು ತಳ್ಳಿ ತಾವೇ ಎದ್ದರು. ನಾನು ಚಾಚಿದ ಕೈ ಹಾಗೇ ಹಿಡಿದುಕೊಂಡು ನಿಂತೆ. ನಾನು ಮಾಡುತ್ತಿರುವುದು ಸೇವೆಯೋ, ಜನ ಅನ್ನುವ ಹಾಗೆ ಪಾಪವೋ, ನೀವಾದರೂ ಹೇಳಿರಿ.

ಎಮ್ಮೆ ಈದಿದೆ, ಹೆಣ್ಣುಗರು. ಅತ್ತೆ ನಿಮಗೆ ತಲೆ ಸವರಿ ಆಶೀರ್ವಾದ ಹೇಳಿದ್ದಾರೆ.

ನಿಮ್ಮ,
ತಾರವ್ವ

ತಾ.ಕ.: ದುಂಡವ್ವ ಕಾಕು ನಿಮಗೆ ಪತ್ರ ಬರೆಸುತ್ತಾರಂತೆ. ಅದು ಮೊದಲು ಮುಟ್ಟಿದರೆ, ಇದನ್ನೂ ಓದಿ ಆಮೇಲೆ ಸಿಟ್ಟಾಗಿರಿ. ರಜೆಗೆ ಬಂದಾಗ ಅತ್ತೆ ಕೊಡ ಹೊತ್ತು ಎದುರಿಗೆ ಬಂದರೆ, ನಿಮ್ಮ ಕಾಲಿಗೆ ಬೀಳುತ್ತೇನೆ, ಅವರ ಕೈಯಿಂದ ಇಸಿದುಕೊಳ್ಳಬೇಡಿರಿ.